ಅಲ್ ಖೋಬರಿನ ಆದಾಯ ತೆರಿಗೆ

ಸೌದಿ ಅರೇಬಿಯಾದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಇದು ಎಲ್ಲರಿಗೂ ತಿಳಿದ ಸಂಗತಿ. ನಾವು ಊರು ಬಿಟ್ಟು ಅಲ್ಲಿಗೆ ಹೋದದ್ದಕ್ಕೆ ಕೊಡುತ್ತಿದ್ದ ಕಾರಣಗಳಲ್ಲಿ ಅದೂ ಒಂದು. ಊರಿನಲ್ಲಿದ್ದಾಗ ನಮ್ಮಲ್ಲಿ ಒಬ್ಬನಿಗೂ ತೆರಿಗೆ ಕಟ್ಟುವಷ್ಟು ಆದಾಯ ಇರಲಿಲ್ಲ ಎಂಬುದನ್ನು ಯಾರೂ ಎತ್ತುತ್ತಿರಲಿಲ್ಲ. ಹೀಗಿದ್ದೂ ಸಾವಿರದ ಒಂಬೈನೂರ ಎಂಬತ್ತೆಂಟನೇ ಇಸವಿಯಿಂದ ಅಲ್ ಖೋಬರ್ ಪಟ್ಟಣದ ಕೆಲವು ಮಂದಿ ಕನ್ನಡಿಗರು ತಿಂಗಳು ತಿಂಗಳು ಆದಾಯ ತೆರಿಗೆ ಕಟ್ಟಿಕೊಂಡು ಬಂದಿದ್ದಾರೆ. ಸರಕಾರ ಕೇಳಿಲ್ಲ. ಸರಕಾರಕ್ಕೆ ಗೊತ್ತೂ ಇಲ್ಲ. ಈ ವ್ಯವಸ್ಥೆಯ ಮೂಲಪುರುಷನೆಂದು ಶಾಲು ಹೊದಿಸಿಕೊಂಡ ಹಸನ್ ಕುಂಞಿಯಾದ ನಾನು, ಅದು ಜಾರಿಗೆ ಬಂದ ಬಗೆಯನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮದೊಂದು ಸಂಘ ಇತ್ತು. ಹೆಸರು ಕಡಲತೀರ ಸ್ನೇಹಕೂಟ. ಪರವಾನಗಿ ಇಲ್ಲದೆ ಸಂಘ ಕಟ್ಟುವುದಾಗಲಿ ಸಭೆ ಸೇರುವುದಾಗಲಿ ಅಲ್ಲಿ ನಿಷಿದ್ಧವಾದ್ದರಿಂದ ನಮ್ಮ ಸಭೆಗಳನ್ನು ಊಟ ಎಂದು ಕರೆಯಲಾಗುತ್ತಿತ್ತು. ಮಾಸಿಕ ಊಟ, ತುರ್ತು ಊಟ, ವಾರ್ಷಿಕ ಮಹಾ ಊಟ. ಕೋರಂ ಇಲ್ಲದಿದ್ದರೆ ಊಟವನ್ನು ಮುಂದೂಡುವ ನಿಯಮವಿತ್ತು. ಆದರೆ ಊಟಕ್ಕೆ ಕೋರಂ ಇಲ್ಲದ ದಿನ ಬರಲೇ ಇಲ್ಲ. ಶುಕ್ರವಾರ ಜುಮಾ ನಮಾಜು ಮುಗಿಸಿ ನಾವೆಲ್ಲ ಅಧ್ಯಕ್ಷರಾದ ಅಬ್ದುಲ್ ಬಾರಿ ಸಾಹೇಬರ ಮನೆಯ ಹಾಲಿನಲ್ಲಿ ಸೇರುತ್ತಿದ್ದೆವು. ಬಾರಿ ಸಾಹೇಬರು ಭಟ್ಕಳದವರು, ಖೋಬರಿನ ಪೇಟೆಯಲ್ಲಿ ಸೂಟ್‌ಕೇಸು, ಕಂಬಳಿ, ರೇಡಿಯೋ ಮಾರುವ ಮೂರು ಅಂಗಡಿಗಳನ್ನು ನಡೆಸುತ್ತಿದ್ದರು. ಹೆಂಡತಿ ಮಕ್ಕಳನ್ನು ಅಲ್ಲಿಗೇ ಕರೆಸಿಕೊಂಡಿದ್ದವರು ನಮ್ಮಲ್ಲಿ ಅವರೊಬ್ಬರೇ. ನಾನು ಕಾರ್ಯದರ್ಶಿ. ಕಟ್ಟಡ ಕಂಟ್ರಾಕ್ಟ್ ಕಂಪೆನಿಯೊಂದರಲ್ಲಿ ನನ್ನ ಕೈಗೆ ಟೈಪ್‌ರೈಟರ್ ಸಿಗುತ್ತಿದ್ದುದರಿಂದ ಆ ಪದವಿ ನನಗೆ ಸಿಕ್ಕಿತು. ಕಂಪೆನಿಯ ಟೈಪ್‌ರೈಟರಿನಲ್ಲಿ ಕನ್ನಡ ಇಲ್ಲದ ಕಾರಣ ಕೂಟದ ನಡಾವಳಿಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಾದ ಕನ್ನಡದಲ್ಲಿದ್ದವು. ಅವನ್ನು ಓದಲು ಯಾರಿಂದಲೂ ಆಗುತ್ತಿರಲಿಲ್ಲವಾಗಿ ಪ್ರತಿ ಸಲವೂ ಸರ್ವಾನುಮತದಿಂದ ಅಂಗೀಕಾರವಾಗುತ್ತಿದ್ದವು.

ಎಂಬತ್ತೆಂಟರ ಜನವರಿಯಲ್ಲಿ, ವಿದೇಶಿ ನೌಕರರಿಗೆ ಆದಾಯ ತೆರಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಎಣ್ಣೆಯ ಬೆಲೆ ಇಳಿದಿತ್ತು, ಬಜೆಟ್ಟಿನಲ್ಲಿ ಹೇಳಿದ್ದಾರಂತೆ ಎಂದರು. ಅಮೆರಿಕದವರು, ಇಂಗ್ಲೆಂಡಿನವರು ರಾಜೀನಾಮೆ ಬರೆಯುತ್ತಿದ್ದಾರೆ ಎಂದು ನಮ್ಮ ಕಂಪೆನಿಯಲ್ಲೂ ಗುಸುಗುಸು ಎದ್ದಿತು. ನಾವು ರಾಜೀನಾಮೆ ಬರೆಯಲಿಲ್ಲ, ತುರ್ತು ಊಟ ಕರೆದೆವು. "ಪ್ರಜೆಗಳು ಆದಾಯ ತೆರಿಗೆ ಕಟ್ಟಬೇಕೇ?" ಎಂಬ ವಿಷಯದಲ್ಲಿ ಚರ್ಚಾಸ್ಪರ್ಧೆ ನಡೆಸುವುದೆಂದೂ, ಗೆದ್ದವರಿಗೆ ಬಾರಿ ಸಾಹೇಬರ ಅಂಗಡಿಯಿಂದ ಒಂದು ರೇಡಿಯೋ ಕೊಡುವುದೆಂದೂ, ಸೆಲ್ಲು ಗೆದ್ದವರೇ ಹಾಕಿಕೊಳ್ಳತಕ್ಕದ್ದೆಂದೂ ಠರಾವಾಯಿತು.

ಚರ್ಚೆಗೆ ಎರಡು ದಿನ ಇರುವಾಗ, ಆ ತೆರಿಗೆಯನ್ನು ಸರಕಾರ ಕೈಬಿಟ್ಟಿತು.

"ಇನ್ನು ಚರ್ಚೆ ಎಂತಕ್ಕೆ ಮಾರಾಯ್ರೆ?" ಎಂದು ನಾನು ಬಾರಿ ಸಾಹೇಬರಿಗೆ ಫೋನು ಮಾಡಿ ಕೇಳಿದೆ.

"ತೆರಿಗೆ ಹೋದದ್ದು ಹೌದು. ಆದ್ರೆ ಆಡು ಕಡಿದಾಗಿದೆ," ಎಂದರು ಅವರು.

ಆದ್ದರಿಂದ ಚರ್ಚೆ ನಡೆಯಿತು.

ಆರಂಭದಲ್ಲೇ ಒಂದು ಆಕ್ಷೇಪ ಬಂತು. ಆಕ್ಷೇಪ ಎತ್ತಿದವರು ನನ್ನ ಹೆಂಡತಿಯ ಅಣ್ಣ ಮೊಹಿದ್ದೀನ್ ಭಾವ. ಅವರು ಕುವೈತಿನ ಗಡಿಯ ಹತ್ತಿರದ ಖಫ್ಜಿಯಲ್ಲಿ, ಎಣ್ಣೆ ಬಾವಿಗಳ ಕ್ಯಾಂಪಿನಲ್ಲಿ, ಸೈಟ್ ಇಂಜಿನಿಯರ್ ಆಗಿದ್ದರು. ದೊಡ್ಡ ಊಟಗಳಿಗೆ ಮಾತ್ರ ಅಷ್ಟು ದೂರದಿಂದ ಬರುತ್ತಿದ್ದರು.

"ಪ್ರಜೆಗಳು ಅಂತ ಹಾಕಿದ್ದೀರಿ. ನಾವು ಇಲ್ಲಿಯ ಪ್ರಜೆಗಳಲ್ಲ, ಇಕಾಮಾ ಅಂತ ವಾಸದ ಪರವಾನಗಿ ಹಿಡ್ಕೊಂಡು ಇರುವವರು. ಊರಿಗೆ ಹೋದ್ರೆ ಅಲ್ಲಿ ನಮಗೆ ಗಲ್ಫಿನವರು ಅಂತಾರೆ. ಹಾಗಾದ್ರೆ ಇಲ್ಲಿ ಪ್ರಜೆ ಯಾರು?"

ಬಾರಿ ಸಾಹೇಬರು ಸ್ವಲ್ಪ ಯೋಚಿಸಿ, ಊಟದ ಅವಧಿಯಲ್ಲಿ ಹಾಜರಿರುವವರೆಲ್ಲರೂ ಪ್ರಜೆಗಳೆಂದು ತೀರ್ಪು ಕೊಟ್ಟರು. ನಮಗೆಲ್ಲ ಸಂತೋಷವಾಯಿತು. ಬಹಳ ವರ್ಷಗಳ ಮೇಲೆ ನಾವು ಎಲ್ಲಿಯೋ ಒಂದು ಕಡೆಯ ಪ್ರಜೆಗಳಾಗಿದ್ದೆವು.

ಚೀಟಿ ಎತ್ತಿದಾಗ ನನಗೆ 'ಕಟ್ಟಬೇಕು' ಬಂತು, ಮೊಹಿದ್ದೀನ್ ಭಾವನಿಗೆ 'ಕಟ್ಟಬಾರದು' ಬಂತು. ಭಾವ ಮೊದಲು ಮಾತಾಡಿದರು. ನಾವು ಝಕಾತ್ ಕೊಡುವವರು, ಅದು ದೇವರಿಗೆ ಲೆಕ್ಕ ಕೊಟ್ಟು ಬಡವರಿಗೆ ಸಲ್ಲಿಸುವುದು, ಅದರ ಮೇಲೆ ಮನುಷ್ಯರಿಗೆ ಇನ್ನೊಂದು ಲೆಕ್ಕ ಯಾಕೆ ಎಂದರು. ಒಳ್ಳೆಯ ವಾದ. ಜನ ತಲೆ ಆಡಿಸಿದರು. ನನಗೆ ರೇಡಿಯೋ ಕೈತಪ್ಪುವುದು ಕಂಡಿತು.

ಮಾತು ನನಗೆ ಚೆನ್ನಾಗಿ ಬರುತ್ತದೆ. ನನ್ನ ಬದುಕಿನ ಹೆಚ್ಚಿನ ತೊಂದರೆಗಳು ಅದರಿಂದಲೇ ಬಂದವು. ನಾನು ಎದ್ದು ನಿಂತು ಊರಿನ ಹಳ್ಳ ದಾಟುವ ಮುರಿದ ಕಾಲುಸಂಕದ ವಿಷಯ ಹೇಳಿದೆ, ಮಾಡು ಸೋರುವ ಶಾಲೆಯ ವಿಷಯ ಹೇಳಿದೆ, ಔಷಧಿ ಇಲ್ಲದ ಸರಕಾರಿ ಆಸ್ಪತ್ರೆಯ ವಿಷಯ ಹೇಳಿದೆ. "ಇದಕ್ಕೆಲ್ಲ ಸರಕಾರವನ್ನು ಬೈಯುವ ನಾವು ಆ ಸರಕಾರಕ್ಕೆ ಎಂತ ಕೊಟ್ಟಿದ್ದೇವೆ? ತೆರಿಗೆ ಕಟ್ಟುವವನು ಮನೆಯವ, ಕಟ್ಟದವನು ನೆಂಟ! ನೆಂಟನಿಗೆ ಮಾಡು ಸೋರ್ತದೆ ಅಂತ ಹೇಳುವ ಹಕ್ಕಿಲ್ಲ!" ಎಂದೆ. ಚಪ್ಪಾಳೆ ಬಿತ್ತು. ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಚಪ್ಪಾಳೆ ನಿಲ್ಲದ ಕಾರಣ ನಾನೂ ನಿಲ್ಲಿಸಲಿಲ್ಲ. "ನನ್ನ ಸಂಬಳದಿಂದ ನೂರಕ್ಕೆ ಐದು ಇವತ್ತೇ ಕೊಡಲಿಕ್ಕೆ ನಾನು ತಯಾರು! ಕೇಳುವ ಗಂಡಸು ಯಾರಿದ್ದಾರೆ?" ಎಂದೂ ಹೇಳಿದೆ.

"ನಾನು ಕೇಳ್ತೇನೆ," ಎಂದರು ಬಾರಿ ಸಾಹೇಬರು.

ನನಗೆ ರೇಡಿಯೋ ಬಂತು. ಅದರ ಜೊತೆಗೆ, ಸ್ನೇಹಕೂಟದ ಸದಸ್ಯರು ಪ್ರಯೋಗಾರ್ಥವಾಗಿ ತಮ್ಮ ಮೇಲೆ ತಾವೇ ನೂರಕ್ಕೆ ಐದರಂತೆ ಆದಾಯ ತೆರಿಗೆ ಹೇರಿಕೊಳ್ಳತಕ್ಕದ್ದೆಂಬ ಠರಾವೂ ಬಂತು. ಒಳಮನೆಯ ಪರದೆಯ ಹಿಂದಿನಿಂದ ಬಾರಿ ಸಾಹೇಬರ ಹೆಂಡತಿ ನಜ್ಮುನ್ನಿಸಾ ಬೇಗಂ, "ಒಟ್ಟಾದ ಹಣ ಎಲ್ಲಿಗೆ ಹೋಗ್ತದೆ ಅಂತ ಯಾರಾದ್ರೂ ಕೇಳಿದ್ರಾ?" ಎಂದರು. ಅಡುಗೆಮನೆಯ ಕಡೆಯಿಂದ ಬಂದ ಪ್ರಶ್ನೆ ಕಾರ್ಯಸೂಚಿಯಲ್ಲಿ ಇಲ್ಲವೆಂದು ಅಧ್ಯಕ್ಷರು ತಿಳಿಸಿದರು.

ಮುಝಫ್ಫರನನ್ನು ತೆರಿಗೆ ಅಧಿಕಾರಿಯಾಗಿ ನೇಮಿಸಲಾಯಿತು. ಅವನು ಅಕೌಂಟೆಂಟ್ ಎಂದು ಹೇಳಿಕೊಳ್ಳುತ್ತಿದ್ದ. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವುದು ಅವನ ಕೆಲಸ. ಎಣಿಸುವುದು ಎರಡರಲ್ಲೂ ಇದೆ. ಅವನು ಪೆನ್ನು ತೆಗೆದು, "ಒಬ್ಬೊಬ್ಬರಾಗಿ ಸಂಬಳ ಹೇಳಿ. ಗಟ್ಟಿಯಾಗಿ ಹೇಳಿ. ಎಲ್ಲರಿಗೂ ಕೇಳಬೇಕು, ಇದರಲ್ಲಿ ಗುಟ್ಟಿಲ್ಲ," ಎಂದ.

ಹಾಲಿನಲ್ಲಿ ಆಗ ಉಂಟಾದ ಇಕ್ಕಟ್ಟನ್ನು ವಿವರಿಸಲು ನಮ್ಮ ಸ್ಥಿತಿಗತಿಯನ್ನು ಸ್ವಲ್ಪ ತಿಳಿಸಬೇಕು. ನನ್ನ ಮದುವೆಯ ಮಾತುಕತೆಯಲ್ಲಿ ಮಾವ "ಸಂಬಳ ಎಷ್ಟು?" ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ದಲ್ಲಾಳಿ "ನಾಲ್ಕೂವರೆ ಸಾವಿರ ರಿಯಾಲು, ಮ್ಯಾನೇಜರು," ಎಂದುಬಿಟ್ಟಿದ್ದರು. ನಾನು ಹಿರಿಯರ ಮಾತಿಗೆ ಎದುರಾಡುವವನಲ್ಲ. ನನಗೆ ಸಿಗುತ್ತಿದ್ದುದು ಸಾವಿರದ ಮುನ್ನೂರು. ಮಾವನ ಪಕ್ಕದಲ್ಲಿ ಕೂತು ಅಂದು ತಲೆಯಾಡಿಸಿದ ಮೊಹಿದ್ದೀನ್ ಭಾವ ಇಂದು ನನ್ನ ಪಕ್ಕದಲ್ಲೇ ಕೂತಿದ್ದರು. ಹಾಲಿನಲ್ಲಿದ್ದ ಪ್ರತಿಯೊಬ್ಬನ ಪಕ್ಕದಲ್ಲೂ ಅವನವನ ಭಾವನೋ, ಅತ್ತೆಯ ಮನೆಯ ನೆರೆಯವನೋ, ಸೋದರಳಿಯನೋ ಇದ್ದ.

"ನಾಲ್ಕೂವರೆ ಸಾವಿರ," ಎಂದೆ ನಾನು.

"ಆರು ಸಾವಿರ," ಎಂದರು ಭಾವ.

ಹೀಗೆ ಸಾಲು ಸುತ್ತಿ ಬಂತು. ಪ್ರಪಂಚದಲ್ಲಿ ಎಲ್ಲ ಕಡೆ ತೆರಿಗೆ ಎಂದ ಕೂಡಲೇ ಜನರ ಆದಾಯ ಇಳಿಯುತ್ತದಂತೆ. ನಮ್ಮಲ್ಲಿ ಅದು ಏರಿತು. ಅದೇ ವರ್ಷ ರಮಝಾನಿನಲ್ಲಿ ಝಕಾತಿನ ಲೆಕ್ಕ ಹಾಕುವಾಗ ಮಾತ್ರ ನಾವೆಲ್ಲ ಪುನಃ ಬಡವರಾದೆವು, ಏಕೆಂದರೆ ಅಲ್ಲಿ ಲೆಕ್ಕ ನೋಡುವವನು ಬೇರೆ.

ಬಾರಿ ಸಾಹೇಬರ ಸರದಿ ಕೊನೆಗೆ ಬಂತು. ಅವರು ಜೇಬಿನಿಂದ ಇಕಾಮಾ ತೆಗೆದು ಮುಝಫ್ಫರನ ಮುಂದೆ ಇಟ್ಟರು.

"ಓದು. ಉದ್ಯೋಗ ಎಂತ ಉಂಟು?"

"ಸೇಲ್ಸ್‌ಮ್ಯಾನ್."

"ಅಂಗಡಿ ಮೂರೂ ನನಗೆ ವೀಸಾ ಕೊಟ್ಟ ಅರಬ, ಕಫೀಲನ ಹೆಸರಲ್ಲಿ. ಆದಾಯ ಅಂಗಡಿಗೆ. ನನಗೆ ಕಾಗದದಲ್ಲಿ ತಿಂಗಳಿಗೆ ಎಂಟುನೂರು. ನಾನು ಸುಳ್ಳು ಹೇಳುವವನಲ್ಲ."

ಸಾವಿರದ ಒಳಗಿನವರಿಗೆ ತೆರಿಗೆ ಇಲ್ಲವೆಂದು ಆಗಲೇ ಠರಾವಾಗಿತ್ತು. ಆ ಸೂಚನೆಯೂ ಅಧ್ಯಕ್ಷರದೇ. ಆದ್ದರಿಂದ ಕೂಟದಲ್ಲಿ ತೆರಿಗೆ ಇಲ್ಲದ ಏಕೈಕ ಬಡವರು ಬಾರಿ ಸಾಹೇಬರೆಂದು ನಮೂದಾಯಿತು. ಅವರ ಮೇಲೆ ಎಲ್ಲರಿಗೂ ಕರುಣೆ ಬಂತು. ಇಷ್ಟು ಕಡಿಮೆ ಸಂಬಳದಲ್ಲಿ ಈ ಮನುಷ್ಯ ತಿಂಗಳಿಗೊಮ್ಮೆ ನಮಗೆಲ್ಲ ಬಿರಿಯಾನಿ ಹಾಕುತ್ತಿದ್ದರು.

ಏಕೈಕ ಎಂದೆ. ವಾಸ್ತವದಲ್ಲಿ ಇನ್ನೊಬ್ಬನಿದ್ದ. ಬಟ್ಟೆ ಒಗೆದು ಇಸ್ತ್ರಿ ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಪೊಡಿಯಬ್ಬ ತನ್ನ ಸಂಬಳ ಒಂಬೈನೂರು ಎಂದು ಹೇಳಿದ್ದ. ಮುಂದಿನ ಊಟದಲ್ಲಿ ಅವನ ಮೇಲೆ ಆದಾಯ ಮುಚ್ಚಿಟ್ಟ ಆರೋಪ ಬಂತು. ವಿಚಾರಣೆಯನ್ನು ಮುಝಫ್ಫರ್ ನಡೆಸಿದ.

"ನೀನು ಲಾಂಡ್ರಿ ಕಂಪೆನಿಯಲ್ಲಿ ಸೂಪರ್‌ವೈಸರ್, ಮೂರು ಸಾವಿರ ಸಂಬಳ ಅಂತ ನಿನ್ನ ತಾಯಿ ಊರೆಲ್ಲ ಹೇಳಿದ್ದಾರೆ. ಹೌದಾ ಅಲ್ವಾ?"

"ಹೇಳಿರಬಹುದು."

"ನಿನ್ನ ತಾಯಿ ಸುಳ್ಳು ಹೇಳ್ತಾರಾ?"

"ಇಲ್ಲಪ್ಪ, ಐದು ಹೊತ್ತು ನಮಾಜು ಮಾಡುವವರು."

"ಅವರು ಹೇಳುವುದು ಸತ್ಯವಾದ್ರೆ ಸುಳ್ಳು ಹೇಳುವವ ಯಾರು?"

ಪೊಡಿಯಬ್ಬ, "ನಾನೇ ಆಗಿರ್ಬೇಕು," ಎಂದ.

ಮೊದಲ ಅಪರಾಧವಾದ್ದರಿಂದ ದಂಡ ಹಾಕದೆ, ಮೂರು ಸಾವಿರದ ಮೇಲೆ ತೆರಿಗೆ ಕಟ್ಟಲು ಆಜ್ಞೆಯಾಯಿತು. ಅವನಿಗೆ ಅನ್ಯಾಯವಾಗಲಿಲ್ಲ. ಕೂಟದ ರಸೀದಿಯಲ್ಲಿ 'ಸೂಪರ್‌ವೈಸರ್' ಎಂದು ಬರೆದದ್ದನ್ನು ಅವನು ಊರಿಗೆ ಕಳಿಸಿದ. ತಾಯಿ ಅದನ್ನು ದಲ್ಲಾಳಿಗೆ ತೋರಿಸಿದರು. ಅಷ್ಟು ಕಾಲ ಕೂಡಿ ಬರದ ಮದುವೆ ಕೂಡಿ ಬಂತು. ಪೊಡಿಯಬ್ಬ ನನ್ನ ಕೈ ಹಿಡಿದು, "ಹಸನಾಕ, ನೀವು ಆ ಭಾಷಣ ಮಾಡದೆ ಇದ್ದಿದ್ರೆ ನಾನು ಹೀಗೆಯೇ ಉಳೀತಿದ್ದೆ," ಎಂದು ಅತ್ತ. ಈ ಪ್ರಕರಣದ ಬಳಿಕ ಹೊರಡಿಸಿದ ಪ್ರಕಟಣೆ ಹೀಗಿತ್ತು:

"ಸದಸ್ಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಆದಾಯ ಎಂದರೆ ಸದಸ್ಯನ ಕೈಗೆ ಬರುವ ಹಣ ಎಂದು ಅರ್ಥವಲ್ಲ. ಸದಸ್ಯನ ಹೆತ್ತವರು, ಹೆಂಡತಿಯ ಮನೆಯವರು ಅಥವಾ ಮದುವೆ ದಲ್ಲಾಳಿ ನಂಬಿರುವ ಮೊತ್ತಗಳಲ್ಲಿ ಯಾವುದು ಹೆಚ್ಚೋ ಅದೇ ಆದಾಯ. ಒಮ್ಮೆ ಘೋಷಿಸಿದ ಆದಾಯವನ್ನು ಏರಿಸಬಹುದು, ಇಳಿಸುವಂತಿಲ್ಲ. ಮುಂದಿನ ಊಟ ಶುಕ್ರವಾರ. ಮೀನು ಇದೆ."

ಟೈಪ್ ಮಾಡಿದವನು ನಾನೇ.

ನನ್ನ ತೆರಿಗೆ ತಿಂಗಳಿಗೆ ಇನ್ನೂರ ಇಪ್ಪತ್ತೈದು ರಿಯಾಲು. ರೂಮಿನ ಬಾಡಿಗೆ, ಮೆಸ್ಸಿನ ಪಾಲು ಕಳೆದು ಊರಿಗೆ ಕಳಿಸುತ್ತಿದ್ದ ಹಣದಲ್ಲಿ ಅಷ್ಟು ಕಡಿಮೆಯಾಯಿತು. ಒಂದು ತಿಂಗಳು ಬ್ಯಾಂಕಿನ ತೊಂದರೆ ಎಂದೆ. ಮರುತಿಂಗಳು ಡ್ರಾಫ್ಟಿನ ತೊಂದರೆ ಎಂದೆ. ಮೂರನೆಯ ತಿಂಗಳು ರಜೆಯಿಂದ ಬಂದವರೊಬ್ಬರ ಕೈಯಲ್ಲಿ, ಒಣಮೀನಿನ ಕಟ್ಟಿನ ಜೊತೆ, ನನ್ನ ಹೆಂಡತಿ ಸಫಿಯತ್ ಮಾತಾಡಿ ತುಂಬಿಸಿದ ಕ್ಯಾಸೆಟ್ ಬಂತು. ಆ ಕಾಲದಲ್ಲಿ ನಮ್ಮ ಸಂಸಾರಗಳೆಲ್ಲ ಕ್ಯಾಸೆಟ್ಟಿನಲ್ಲೇ ನಡೆಯುತ್ತಿದ್ದವು. ಮೊದಲು ಸಲಾಂ, ಆಮೇಲೆ ಹೆಂಚಿಗೆ ಕೊಟ್ಟ ಮುಂಗಡದ ವಿಷಯ, ಆಮೇಲೆ ಅವಳ ದನಿ ಸಣ್ಣದಾಯಿತು.

"ಊರಲ್ಲಿ ಎಲ್ರೂ ಹೇಳ್ತಾರೆ, ನೀವು ನಾಲ್ಕೂವರೆ ಸಾವಿರ ಅಂತ ಎಲ್ಲರೆದುರು ಎದ್ದು ನಿಂತು ಹೇಳಿದ್ರಂತೆ. ನನಗೆ ಹೆಮ್ಮೆಯೇ. ಆದ್ರೆ ಬರುವುದು ನೋಡಿದ್ರೆ ಐನೂರು ರಿಯಾಲಿಗಿಂತ ಕಡಿಮೆ. ಉಳಿದದ್ದು ಎಲ್ಲಿಗೆ ಹೋಗ್ತದೆ? ಅಲ್ಲಿ ಇನ್ನೊಂದು ಮನೆ ಮಾಡಿದ್ದೀರಾ? ಮಾಡಿದ್ರೆ ಹೇಳಿ. ಬೇರೆಯವರಿಂದ ಕೇಳುವುದು ಬೇಡ ನನಗೆ."

ಹಿಂದೆ ಅತ್ತೆ ಕೆಮ್ಮುವುದು ಕೇಳಿಸಿತು. ಕೆಮ್ಮಿನಲ್ಲಿ ಅಭಿಪ್ರಾಯ ಇತ್ತು.

ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಪುನಃ ಕೇಳಿದೆ. ಇನ್ನೊಂದು ಮನೆ ಮಾಡುವ ಯೋಗ್ಯತೆ ನನಗಿದೆ ಎಂದು ಅವಳು ನಂಬಿದ್ದಕ್ಕೆ ಒಂದು ಕ್ಷಣ ಹೆಮ್ಮೆಪಟ್ಟೆ ಎಂಬುದನ್ನು ನಡಾವಳಿಯ ಪೂರ್ಣತೆಗಾಗಿ ಹೇಳುತ್ತಿದ್ದೇನೆ. ಆಮೇಲೆ ಒಣಮೀನನ್ನು ಯಾರಿಗೋ ಕೊಟ್ಟುಬಿಟ್ಟೆ. ಅವಳಿಗೆ ಹಣ ತುಂಬಿಸಿ ಕಳಿಸದೆ ಬೇರೆ ದಾರಿ ಇಲ್ಲ, ಹಣ ಕೇಳಬಹುದಾದ ಶ್ರೀಮಂತ ನನಗೆ ಒಬ್ಬರೇ ಎಂದು ತೀರ್ಮಾನಿಸಿ, ರಜೆ ಹಾಕಿ, ಬಸ್ಸು ಹತ್ತಿ ಖಫ್ಜಿಗೆ ಹೋದೆ.

ಕ್ಯಾಂಪಿನ ಗೇಟಿನಲ್ಲಿದ್ದ ಪಠಾಣನಿಗೆ "ಇಂಜಿನಿಯರ್ ಮೊಹಿದ್ದೀನ್" ಎಂದೆ. ಆ ಹೆಸರಿನ ಇಂಜಿನಿಯರ್ ಇಲ್ಲ, ಮೆಸ್ಸಿನಲ್ಲಿ ಒಬ್ಬ ಮೊಹಿದ್ದೀನ್ ಇದ್ದಾನೆ ಎಂದ ಅವನು. ಇಂಜಿನಿಯರು ಊಟಕ್ಕೆ ಹೋಗಿರಬೇಕು ಎಂದುಕೊಂಡು ನಾನು ಮೆಸ್ಸಿನ ಹಿಂಬದಿಗೆ ನಡೆದೆ. ಅಲ್ಲಿ ಮಗುಚಿ ಹಾಕಿದ ಎಣ್ಣೆ ಡಬ್ಬದ ಮೇಲೆ, ಮೊಣಕಾಲೆತ್ತರದ ಈರುಳ್ಳಿ ರಾಶಿಯ ಎದುರು, ಕೈಯಲ್ಲಿ ಚೂರಿ ಹಿಡಿದು ಮೊಹಿದ್ದೀನ್ ಭಾವ ಕೂತಿದ್ದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಓ ಭಾವ! ಎಂತ ಇದು, ಹೇಳದೆ ಕೇಳದೆ?"

"ಈ ಕಡೆ ಒಂದು ಮೀಟಿಂಗ್ ಇತ್ತು. ಹಾಗೆಯೇ ಬಂದೆ."

"ಕಾರಲ್ಲಿ ಬಂದ್ರಾ?"

"ಕಾರನ್ನು ಡ್ರೈವರ್ ತಕ್ಕೊಂಡು ಹೋಗಿದ್ದಾನೆ. ಬಸ್ಸಲ್ಲಿ ಬಂದೆ. ಬಸ್ಸಲ್ಲಿ ಬಂದ್ರೆ ಸಣ್ಣವರ ಕಷ್ಟ ತಿಳೀತದೆ."

"ಅದು ಒಳ್ಳೆಯ ಅಭ್ಯಾಸ."

ನಾನು ಈರುಳ್ಳಿ ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು.

"ಕ್ವಾಲಿಟಿ," ಎಂದರು. "ಕ್ಯಾಂಪಿಗೆ ಬರುವ ಸಾಮಾನೆಲ್ಲ ಇಂಜಿನಿಯರ್ ನೋಡಿ ಪಾಸು ಮಾಡ್ಬೇಕು ಅಂತ ಹೊಸ ರೂಲು."

"ಸಿಪ್ಪೆ ತೆಗೆದೇ ನೋಡ್ಬೇಕಾ?"

"ಸಿಪ್ಪೆ ತೆಗೀದೆ ಒಳಗಿನದ್ದು ಹೇಗೆ ಗೊತ್ತಾಗ್ತದೆ ಭಾವ?"

ಒಳಗಿನಿಂದ ಯಾರೋ, "ಮೊಹಿದ್ದೀನ್! ಯಲ್ಲಾ! ಪ್ಯಾಜ್ ಕಿಧರ್?" ಎಂದು ಈರುಳ್ಳಿಗಾಗಿ ಕೂಗಿದರು.

"ಕೈಕೆಳಗಿನವರು," ಎಂದರು ಭಾವ. "ನಾನಿಲ್ಲದೆ ಒಂದು ಕೆಲಸವೂ ಮುಂದೆ ಹೋಗುವುದಿಲ್ಲ."

ನಾನು ಇನ್ನೊಂದು ಡಬ್ಬ ಎಳೆದುಕೊಂಡು ಕೂತು ಅಲ್ಲಿದ್ದ ಮತ್ತೊಂದು ಚೂರಿ ತೆಗೆದುಕೊಂಡೆ. ಇಬ್ಬರೂ ಕ್ವಾಲಿಟಿ ನೋಡಲು ಶುರುಮಾಡಿದೆವು. ನನ್ನ ಕಣ್ಣಿನಲ್ಲೂ ನೀರು ಬಂತು. ಈರುಳ್ಳಿ ಸುಲಿಯುವವರು ಅತ್ತರೆ ಕಾರಣ ಕೇಳುವ ಪದ್ಧತಿ ಇಲ್ಲದ್ದರಿಂದ ಇಬ್ಬರಿಗೂ ಅನುಕೂಲವಾಯಿತು.

"ಭಾವ, ಒಂದು ವಿಷಯ," ಎಂದೆವು ಇಬ್ಬರೂ ಒಟ್ಟಿಗೆ.

"ನೀವು ಹೇಳಿ."

"ಇಲ್ಲ, ನೀವು ದೊಡ್ಡವರು. ನೀವೇ ಹೇಳಿ."

ಅವರು ಚೂರಿಯ ಮೊನೆ ನೋಡುತ್ತ, "ಈ ತಿಂಗಳು ಸ್ವಲ್ಪ ಕೈ ಬಿಗಿ. ಇದ್ದದ್ದೆಲ್ಲ ಬ್ಯಾಂಕಲ್ಲಿ ಫಿಕ್ಸೆಡ್ ಮಾಡಿಬಿಟ್ಟಿದ್ದೇನೆ. ಆ ತೆರಿಗೆಗೆ ಒಂದು ಮುನ್ನೂರು... ನಾನೇ ಖೋಬರಿಗೆ ಬರುವ ಅಂತಿದ್ದೆ," ಎಂದರು.

"ನನ್ನದೂ ಹಾಗೆಯೇ," ಎಂದೆ. "ಫಿಕ್ಸೆಡ್."

ಬ್ಯಾಂಕುಗಳಿಂದ ಜನರಿಗೆ ತುಂಬ ಅನನುಕೂಲ ಎಂಬ ವಿಷಯದಲ್ಲಿ ನಮಗೆ ಒಮ್ಮತ ಇತ್ತು. ಸ್ವಲ್ಪ ಹೊತ್ತಿನ ನಂತರ ನಾನು ಸಫಿಯತ್ತಿನ ಕ್ಯಾಸೆಟ್ಟಿನ ವಿಷಯ ಹೇಳಿದೆ. ಇನ್ನೊಂದು ಮನೆಯ ಮಾತು ಬಂದಾಗ ಅವರ ಚೂರಿ ನಿಂತಿತು. ತಂಗಿಯ ಅಣ್ಣನಾಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು: ಹರಿದು ಹೊಲಿಸಿದ ಚಪ್ಪಲಿ, ಬಸ್ಸಿನ ಧೂಳು ಮೆತ್ತಿದ ಪ್ಯಾಂಟು, ಕೈಯಲ್ಲಿ ಅರ್ಧ ಸುಲಿದ ಈರುಳ್ಳಿ. ನೋಡಿ ಮುಗಿಸಿದಾಗ ಅವರ ಮುಖದಲ್ಲಿ ಸಂಶಯ ಇರಲಿಲ್ಲ.

"ಅವಳಿಗೆ ನಾನು ಹೇಳ್ತೇನೆ," ಎಂದರು.

"ಎಂತ ಹೇಳ್ತೀರಿ? ಸತ್ಯವಾ?"

"ಯಾರದ್ದು?"

ನಾನು ಕೈಯಲ್ಲಿದ್ದ ಈರುಳ್ಳಿಯ ಉಳಿದ ಸಿಪ್ಪೆ ತೆಗೆದೆ.

"ಆದಾಯ ತೆರಿಗೆ ಕಟ್ತಾರೆ, ಅದಕ್ಕೆ ಹಣ ಕಡಿಮೆ ಅಂತ ಹೇಳ್ತೇನೆ," ಎಂದರು ಭಾವ. "ಅದು ಸತ್ಯವೇ ಅಲ್ವಾ?"

ಅದು ಸತ್ಯವೇ ಆಗಿತ್ತು. ಹೊರಡುವಾಗ ಅವರು ಒಂದು ಡಬ್ಬಿ ತುಂಬ ಕೋಳಿ ಸಾರು ಕಟ್ಟಿಕೊಟ್ಟರು. ಇಂಜಿನಿಯರುಗಳಿಗೆ ಮಾತ್ರ ಕೊಡುವುದು ಎಂದರು. ಬಸ್ಸಿನಲ್ಲಿ ತಿಂದೆ. ಅಷ್ಟು ಚೆನ್ನಾಗಿ ಅಡುಗೆ ಮಾಡುವ ಇಂಜಿನಿಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆದರೆ ಮನಸ್ಸು ನಿಲ್ಲಲಿಲ್ಲ. ಆ ಮನುಷ್ಯನನ್ನು ಇನ್ನೂ ಎಷ್ಟು ತಿಂಗಳು ಆರು ಸಾವಿರದ ಮೇಲೆ ಕೂರಿಸುವುದು? ಭಾಷಣ ನನ್ನದು, ಅದರ ಹೊರೆ ಇಳಿಸಬೇಕಾದವನೂ ನಾನೇ. ಮುಂದಿನ ಊಟಕ್ಕೆ ಭಾವ ಬಂದಿದ್ದರು, ಎಲ್ಲರೂ ಇದ್ದರು. ಅನ್ನ ಬಡಿಸುವ ಮೊದಲೇ ನಾನು ಎದ್ದು ನಿಂತೆ.

"ನನ್ನ ಆದಾಯದಲ್ಲಿ ಒಂದು ತಿದ್ದುಪಡಿ ಉಂಟು."

"ಮೇಲಕ್ಕಾ, ಕೆಳಕ್ಕಾ?" ಕೇಳಿದ ಮುಝಫ್ಫರ್.

"ಕೆಳಕ್ಕೆ. ನನಗೆ ಸಿಗುವುದು ಸಾವಿರದ ಮುನ್ನೂರು. ನಾನು ಮ್ಯಾನೇಜರಲ್ಲ, ಟೈಪಿಸ್ಟು."

ಈ ವಾಕ್ಯ ಹೇಳಿದ ಕೂಡಲೇ ನೆಲ ಬಾಯಿ ಬಿಡುತ್ತದೆ ಎಂದುಕೊಂಡಿದ್ದೆ. ಬಿಡಲಿಲ್ಲ. ಯಾರೂ ನಂಬಲಿಲ್ಲ, ಅಷ್ಟೆ.

"ಛೆ, ಛೆ," ಎಂದರು ಹಿಂದಿನ ಸಾಲಿನಲ್ಲಿ ಒಬ್ಬರು. "ತೆರಿಗೆ ತಪ್ಪಿಸಲಿಕ್ಕೆ ಮನುಷ್ಯ ತನ್ನನ್ನು ತಾನು ಟೈಪಿಸ್ಟ್ ಅಂತ ಹೇಳಿಕೊಳ್ಳುವುದಾ?"

"ನೆಂಟ, ಮನೆಯವ ಅಂತ ಭಾಷಣ ಮಾಡಿದವರು ಇವರೇ ಅಲ್ವಾ?" ಎಂದ ಪೊಡಿಯಬ್ಬ. ಅವನ ದನಿಯಲ್ಲಿ ನಿಜವಾದ ದುಃಖ ಇತ್ತು.

ವಿಷಯ ಗಂಭೀರವಾದ್ದರಿಂದ ನಿಯಮದ ಪ್ರಕಾರ ಹೆಂಡತಿಯ ಮನೆಯ ಕಡೆಯ ಸಾಕ್ಷಿಯನ್ನು ಕರೆಯಲಾಯಿತು. ಮೊಹಿದ್ದೀನ್ ಭಾವ ಎದ್ದರು.

"ಇವರು ಎಂತ ಕೆಲಸದಲ್ಲಿದ್ದಾರೆ ಅಂತ ನಿಮಗೆ ಗೊತ್ತುಂಟಾ?" ಕೇಳಿದ ಮುಝಫ್ಫರ್.

ಭಾವ ನನ್ನ ಕಡೆ ನೋಡಿದರು. ನಾನು ಕಣ್ಣಿನಲ್ಲೇ, ಹೇಳಿಬಿಡಿ, ಮುಗಿದುಹೋಗಲಿ ಎಂದೆ. ಅವರಿಗೆ ಅರ್ಥವಾಯಿತು. ಆದರೆ ಟೈಪಿಸ್ಟಿಗೆ ತಂಗಿಯನ್ನು ಕೊಟ್ಟ ಅಣ್ಣ ಎಂದು ನಾಳೆ ಊರು ಹೇಳುತ್ತದೆ, ಆಮೇಲೆ ಇಂಜಿನಿಯರಿನ ಸರದಿ ಬರುತ್ತದೆ, ಮನೆಯಲ್ಲಿ ಮದುವೆಗೆ ಬಂದ ಅವರ ಮಗಳು ಮೈಮೂನತ್ ಇದ್ದಾಳೆ. ಅದೂ ನನಗೆ ಅರ್ಥವಾಯಿತು.

"ಮ್ಯಾನೇಜರು," ಎಂದರು ಭಾವ. "ಮೊನ್ನೆ ಮೀಟಿಂಗಿಗೆ ಅಂತ ಖಫ್ಜಿಗೂ ಬಂದಿದ್ರು. ಕಾರು, ಡ್ರೈವರ್ ಎಲ್ಲ ಉಂಟು. ಸ್ವಲ್ಪ ನಾಚಿಕೆ ಸ್ವಭಾವ, ಅದಕ್ಕೆ ಹೀಗೆ ಹೇಳ್ತಾರೆ."

ಹಾಲಿನಲ್ಲಿ ನಿರಾಳದ ನಿಟ್ಟುಸಿರು ಕೇಳಿಸಿತು. ನಾನೂ ಸುಮ್ಮನಿರಲಿಲ್ಲ. ಯಾರೂ ಕೇಳದಿದ್ದರೂ, "ಭಾವನ ಕೆಲಸ ನಾನು ಕಣ್ಣಾರೆ ನೋಡಿದ್ದೇನೆ. ಇಡೀ ಕ್ಯಾಂಪಿನ ಕ್ವಾಲಿಟಿ ಅವರ ಕೈಯಲ್ಲಿ ಉಂಟು," ಎಂದೆ. ಅವರು ತಲೆ ತಗ್ಗಿಸಿ ಕಣ್ಣು ಒರೆಸಿಕೊಂಡರು. ಅಂದು ಈರುಳ್ಳಿ ಇರಲಿಲ್ಲ.

ನನ್ನ ತಿದ್ದುಪಡಿ ಬಿದ್ದುಹೋದ ನಂತರ ಬಾರಿ ಸಾಹೇಬರು ಒಟ್ಟಾದ ತೆರಿಗೆ ಹಣದ ವಿಷಯ ಎತ್ತಿದರು. ಊರಿನ ಕಾಲುಸಂಕಕ್ಕೆ ಕಳಿಸೋಣ ಎಂದರೆ, ಯಾವ ಊರಿನ ಕಾಲುಸಂಕ ಎಂದು ಜಗಳವಾಯಿತು. ಉಳ್ಳಾಲದವರು ಒಂದು ಕಡೆ, ಕಾಪುವಿನವರು ಒಂದು ಕಡೆ ಆದರು. ಕೊನೆಗೆ ಕೂಟದಲ್ಲೇ ಇರುವ ಅತ್ಯಂತ ಬಡ ಸದಸ್ಯನಿಗೆ ಕೊಡುವುದು ನ್ಯಾಯ ಎಂದು ತೀರ್ಮಾನವಾಯಿತು. ಮುಝಫ್ಫರ್ ಘೋಷಿತ ಆದಾಯಗಳನ್ನೆಲ್ಲ ನೋಡಿದ. ಸಾವಿರದ ಒಳಗಿನವರು ಒಬ್ಬರೇ ಇದ್ದರು.

ಬಾರಿ ಸಾಹೇಬರು ಬೇಡ ಬೇಡ ಎಂದರು. ನಾವು ಒತ್ತಾಯಿಸಿದೆವು. ಪರದೆಯ ಹಿಂದಿನಿಂದ ನಜ್ಮುನ್ನಿಸಾ ಬೇಗಂ ಜೋರಾಗಿ ನಕ್ಕದ್ದು ಕೇಳಿಸಿತು. ಅದನ್ನು ಹರ್ಷೋದ್ಗಾರ ಎಂದು ನಡಾವಳಿಯಲ್ಲಿ ದಾಖಲಿಸಿದ್ದೇನೆ. ಹಣ ಸ್ವೀಕರಿಸಿದ ಸಾಹೇಬರು ಅಲ್ಲೇ ಒಂದು ಔದಾರ್ಯ ತೋರಿಸಿದರು. ತೆರಿಗೆ ಕಟ್ಟಲು ಕಷ್ಟವಿರುವ ಸದಸ್ಯರಿಗೆ ಆ ಹಣದಿಂದಲೇ ಸಾಲ ಕೊಡುವುದಾಗಿ ಹೇಳಿದರು. ಬಡ್ಡಿ ಹರಾಮ್ ಆದ್ದರಿಂದ ಬಡ್ಡಿ ಇಲ್ಲ. ಸಾಲ ಪಡೆದವರು ಅವರ ಅಂಗಡಿಯಲ್ಲಿ ಒಂದು ಸೂಟ್‌ಕೇಸು ಕೊಂಡರೆ ಸಾಕು.

ಅಂದಿನಿಂದ ವ್ಯವಸ್ಥೆ ಸುಸೂತ್ರವಾಗಿ ನಡೆದಿದೆ. ನಾವು ಸಾಹೇಬರಿಂದ ಸಾಲ ಪಡೆದು ತೆರಿಗೆ ಕಟ್ಟುತ್ತೇವೆ, ತೆರಿಗೆ ಬಡವರಾದ ಸಾಹೇಬರಿಗೆ ಹೋಗುತ್ತದೆ, ಸಾಹೇಬರು ಅದನ್ನು ನಮಗೆ ಸಾಲ ಕೊಡುತ್ತಾರೆ. ಊರಿಗೆ ಹಣ ಮೊದಲಿನಷ್ಟೇ ಹೋಗುತ್ತದೆ. ಸಾಲ ಮಾತ್ರ ಬೆಳೆಯುತ್ತದೆ, ಅದು ಬೆಳೆಯುವ ವಸ್ತು. ನನ್ನ ರೂಮಿನ ಮಂಚದ ಕೆಳಗೆ ಸೂಟ್‌ಕೇಸಿನೊಳಗೆ ಸೂಟ್‌ಕೇಸು ಇಟ್ಟರೂ ಈಗ ಜಾಗ ಸಾಲುತ್ತಿಲ್ಲ. ಮೈಮೂನತ್ತಿಗೆ ಗಂಡು ಗೊತ್ತಾಯಿತು. ಮೊದಲು ನೋಡಿದ ದುಬೈಯ ಹುಡುಗ ಒಪ್ಪಿಗೆಯಾಗಿದ್ದರೂ, ತೆರಿಗೆ ಕಟ್ಟಿದ ರಸೀದಿ ತೋರಿಸಲಿಲ್ಲವೆಂದು ಬಿಟ್ಟು ನಮ್ಮ ಕೂಟದ ಹುಡುಗನನ್ನೇ ಆರಿಸಿದರು. ಜಿದ್ದಾದ ಶರಫಿಯಾದಲ್ಲಿರುವ ನಮ್ಮ ಕಡೆಯವರು ತಮಗೂ ಆದಾಯ ತೆರಿಗೆ ಬೇಕೆಂದು ಒತ್ತಾಯಿಸುತ್ತಿದ್ದಾರೆ.

ಸಫಿಯತ್ತಿನಿಂದ ಕ್ಯಾಸೆಟ್ ಬಂತು. ದನಿ ಗೆಲುವಾಗಿತ್ತು. "ಅಣ್ಣ ಎಲ್ಲ ಹೇಳಿದ. ನಾನು ಎಂತೆಂತದೋ ನೆನೆಸಿಬಿಟ್ಟೆ, ಬೇಜಾರು ಮಾಡ್ಬೇಡಿ. ರಸೀದಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದೇನೆ. ಪಕ್ಕದ ಮನೆ ಜೈನಬಾ ನೋಡಿ ಮುಖ ಸಣ್ಣ ಮಾಡಿದ್ಳು. ಅವಳ ಗಂಡ ಬಹರೈನಿನಲ್ಲಿದ್ದಾನೆ, ಅವನಿಗೆ ತೆರಿಗೆ ಇಲ್ಲವಂತೆ, ಪಾಪ. ಮತ್ತೆ ಒಂದು ವಿಷಯ. ಅಣ್ಣ ಆರು ಸಾವಿರಕ್ಕೆ ಕಟ್ತಾನೆ ಅಂತ ಅತ್ತಿಗೆ ನೆನಪಿಸ್ತಾ ಇರ್ತಾರೆ. ನಿಮಗೇನು ಕಡಿಮೆ?"

ಮುಂದಿನ ಊಟದಲ್ಲಿ ನಾನು ಎದ್ದು ನಿಂತು ತಿದ್ದುಪಡಿ ಇದೆ ಎಂದೆ. ಮುಝಫ್ಫರ್ ದಿಕ್ಕು ಕೇಳಿದ. ಮೇಲಕ್ಕೆ ಎಂದೆ. ಚಪ್ಪಾಳೆ ಬಿತ್ತು, ಆಗಲೇ ನನಗೆ ಶಾಲು ಹೊದಿಸಿದ್ದು. ಈಗ ನನ್ನ ಸಂಬಳ ಆರು ಸಾವಿರದ ಐನೂರು. ಕಂಪೆನಿ ಮಾತ್ರ ಇನ್ನೂ ಸಾವಿರದ ಮುನ್ನೂರೇ ಕೊಡುತ್ತಿದೆ. ಅದು ಕಂಪೆನಿಯ ತಪ್ಪು. ಅದನ್ನು ಸರಿಪಡಿಸುವ ಅಧಿಕಾರ ಕೂಟಕ್ಕೆ ಇಲ್ಲ.